ಜಮಖಾನಕ್ಕೆ ನಳಿಗೆ, ನಮ್ಮವರಿಗೆ ಬರಿಗೈ



ಅಮೆರಿಕಾ ದೇಶದಲ್ಲಿ ಕಾರ್ಪೆಟ್ ತೊಳೆಯಲಿಕ್ಕೇ ಒಂದು ಗಾಡಿ ಇದೆ. ಗಾಡಿ ಅಂದರೆ ತಳ್ಳುಗಾಡಿ ಅಲ್ಲ. ನಮ್ಮ ಕಡೆ ಕಿರಾಣಿ ಮಾಲು ತರುವ ಮುಚ್ಚಿದ ವ್ಯಾನಿನಂಥದ್ದು. ಅದರ ಹೊಟ್ಟೆಯೊಳಗೆ ಇಂಜಿನ್ನು, ನೀರಿನ ಪಂಪು, ಗಾಳಿ ಎಳೆಯುವ ಬ್ಲೋವರ್, ಹೊಲಸು ನೀರು ತುಂಬುವ ಟಾಕಿ ಎಲ್ಲ ಜೋಡಿಸಿರುತ್ತಾರೆ. ಗಾಡಿ ಮನೆ ಮುಂದೆ ನಿಲ್ಲುತ್ತದೆ. ಎರಡು ಪೈಪು ಒಳಗೆ ಹೋಗುತ್ತವೆ. ಸಣ್ಣ ಪೈಪಿನಲ್ಲಿ ಬಿಸಿನೀರು ಜೋರಾಗಿ ಬಂದು ಜಮಖಾನದ ಎಳೆಯೊಳಗೆ ನುಗ್ಗುತ್ತದೆ. ದೊಡ್ಡ ಪೈಪು ಅದೇ ನೀರನ್ನು ಕೊಳೆ ಸಮೇತ ಹೀರಿ ಗಾಡಿಯ ಟಾಕಿಗೆ ತರುತ್ತದೆ. ನೀರು ಕಾಯಿಸಲು ಬಹಳ ಗಾಡಿಗಳಲ್ಲಿ ಬೇರೆ ಒಲೆಯೂ ಇಲ್ಲ, ಇಂಜಿನ್ನಿನ ಕಾವನ್ನೇ ನೀರಿಗೆ ತಿರುಗಿಸಿರುತ್ತಾರೆ.

ಸಾಹುಕಾರರ ಜಮಖಾನ ಕಟ್ಟಿಕೊಂಡು ನಮಗೇನಾಗಬೇಕು ಅಂತ ನೀವು ಕೇಳಬಹುದು. ಏನೂ ಆಗಬೇಕಿಲ್ಲ. ನಾನು ಹೇಳಹೊರಟದ್ದು ಆ ಗಾಡಿಯ ಒಂದು ಸಣ್ಣ ಭಾಗದ ಬಗ್ಗೆ. ಕೊಳೆ ಬಿಡಿಸುವ ಕೆಮಿಕಲ್ಲನ್ನು ನೀರಿಗೆ ಸೇರಿಸುವ ಭಾಗ.

ನೀವು ಯಾಪಲದಿನ್ನಿ, ದೇವದುರ್ಗ, ಮಾನ್ವಿ ಕಡೆಯಿಂದ ಬಂದು ಹಾಸ್ಟೆಲು ಸೇರಿದವರು. ಹತ್ತಿಗೆ ಎಣ್ಣಿ ಹೊಡೆಯುವುದನ್ನು ನೋಡಿದ್ದೀರಿ. ಡಬ್ಬಿಯ ಮುಚ್ಚಳದಲ್ಲಿ ಅಳೆದು ಪಂಪಿಗೆ ಸುರಿದು, ಕಡ್ಡಿ ಸಿಗದಿದ್ದರೆ ಕೈ ಹಾಕಿ ಕಲಕಿ, ಆ ಕೈಯನ್ನು ಲುಂಗಿಗೆ ಒರೆಸಿಕೊಂಡು ಬೀಡಿ ಹಚ್ಚುವ ನಮ್ಮ ಅಪ್ಪಂದಿರನ್ನು ನೋಡಿದ್ದೀರಿ. ಆ ಕಾರ್ಪೆಟ್ ಗಾಡಿಯಲ್ಲಿ ಹೀಗಿಲ್ಲ. ನೀರು ಬೆರೆಸದ ಖಡಕ್ ಕೆಮಿಕಲ್ಲು ಸುಮಾರು 19 ಲೀಟರಿನ ಕ್ಯಾನಿನಲ್ಲಿ ಒಂದು ಕಡೆ ಕೂತಿರುತ್ತದೆ. ಪುಡಿಯಾಗಿದ್ದರೆ ಮೊದಲೇ ಬಿಸಿನೀರಿನಲ್ಲಿ ಪೂರಾ ಕರಗಿಸಿ ಇಟ್ಟಿರುತ್ತಾರೆ. ಕ್ಯಾನಿನೊಳಗೆ ಒಂದು ಸಣ್ಣ ನಳಿಗೆ ಇಳಿಬಿಟ್ಟಿರುತ್ತದೆ, ಅದರ ಬಾಯಿಗೆ ಜಾಲರಿ. ಗಾಡಿಯ ಚಿಕ್ಕ ಪಂಪು ಆ ನಳಿಗೆಯಿಂದ ಕೆಮಿಕಲ್ಲನ್ನು ಎಳೆದು ಓಡುವ ನೀರಿಗೆ ಸೇರಿಸುತ್ತದೆ. ತಾಸಿಗೆ ಎಷ್ಟು ಹೋಗುತ್ತಿದೆ ಎಂದು ತೋರಿಸಲು ಗಾಜಿನಂಥ ಕೊಳವೆಯೊಳಗೆ ಒಂದು ಗುಂಡು ಮೇಲೆ ಕೆಳಗೆ ಆಡುತ್ತದೆ. ಹೆಚ್ಚಾಯಿತೇ, ಗುಬುಟು ತಿರುವಿದರೆ ಕಡಿಮೆ. ಬೇಡವೇ, ಬಂದ್. ಬಿಸಿನೀರು ತಿರುಗಿ ಕ್ಯಾನಿಗೆ ನುಗ್ಗಬಾರದೆಂದು ನಡುವೆ ಒಂದು ಕಡೆಗಷ್ಟೇ ತೆರೆಯುವ ಕವಾಟ. ಕೆಲಸ ಮುಗಿದ ಮೇಲೆ ನಳಿಗೆಯಲ್ಲಿ ಬರೀ ನೀರು ಹರಿಸಿ ತೊಳೆಯಬೇಕು, ಇಲ್ಲದಿದ್ದರೆ ಕೆಮಿಕಲ್ಲು ಒಳಗೇ ಒಣಗಿ ಹರಳುಗಟ್ಟುತ್ತದೆ. ಕ್ಷಾರದ ಕೆಮಿಕಲ್ಲು ಹೋದ ನಳಿಗೆಯಲ್ಲೇ ಆಮ್ಲದ ಕೆಮಿಕಲ್ಲು ಬಿಡಬೇಕಾದರೆ ನಡುವೆ ನೀರು ಬಿಡಲೇಬೇಕು. ಕ್ಯಾನಿಗೆ ಕೆಮಿಕಲ್ಲು ತುಂಬುವವನಿಗೆ ಕೈಗವಸು, ಕಣ್ಣಿಗೆ ಕನ್ನಡಕ. ಇದೆಲ್ಲ ಗಾಡಿಯ ಜೊತೆ ಕೊಡುವ ಪುಸ್ತಕದಲ್ಲಿ ಬರೆದಿರುತ್ತದೆ.

ಅಂದರೆ ತುಂಬುವಾಗ ಒಂದು ಸಲ ಬಿಟ್ಟರೆ ದಿನವಿಡೀ ಮನುಷ್ಯನ ಕೈ ಆ ಖಡಕ್ ಕೆಮಿಕಲ್ಲನ್ನು ಮುಟ್ಟುವ ಪ್ರಸಂಗ ಇಲ್ಲ.

ಅಮೆರಿಕದವರು ದೊಡ್ಡ ಮನುಷ್ಯತ್ವದವರು ಅಂತ ನಾನು ಹೇಳುತ್ತಿಲ್ಲ. ಕೆಮಿಕಲ್ಲು ದುಬಾರಿ, ಹೆಚ್ಚು ಸುರಿದರೆ ನಷ್ಟ. ಜಮಖಾನ ಕೆಟ್ಟರೆ ಮನೆಯವನು ಕೋರ್ಟಿಗೆ ಹೋಗುತ್ತಾನೆ. ಕೆಲಸದವನ ಕಣ್ಣು ಹೋದರೆ ಅವನೂ ಕೋರ್ಟಿಗೆ ಹೋಗುತ್ತಾನೆ. ಈ ಲೆಕ್ಕಾಚಾರ ಸೇರಿಯೇ ಆ ನಳಿಗೆ ಬಂದಿದೆ. ಆದರೆ ಲೆಕ್ಕ ಹಾಕುವಾಗ ಕೆಲಸದವನ ಕೈಗೆ, ಕಣ್ಣಿಗೆ ಒಂದು ಬೆಲೆ ಹಿಡಿಯಲೇಬೇಕಾಯಿತು, ಅದು ಮುಖ್ಯ. ನಮ್ಮ ದೇಶದಲ್ಲಿ ಆ ಕಾಲಮ್ಮಿನಲ್ಲಿ ಸೊನ್ನೆ ಬರೆದಿದ್ದಾರೆ. ಯಾಕೆಂದು ನಿಮಗೆ ಬಿಡಿಸಿ ಹೇಳಬೇಕಾಗಿಲ್ಲ.

ನಾನು ಓದಿದ ಹಾಸ್ಟೆಲಿನ ಸಂಡಾಸು ತೊಳೆಯಲು ಒಬ್ಬ ಅಕ್ಕ ಬರುತ್ತಿದ್ದಳು. ಆಸಿಡ್ ಬಾಟಲಿಯ ಮುಚ್ಚಳಕ್ಕೆ ಮೊಳೆಯಿಂದ ತೂತು ಹಾಕಿ, ಬಾಟಲಿ ಒತ್ತಿ ಒತ್ತಿ ಚಿಮ್ಮಿಸುವುದು. ಆಮೇಲೆ ತೆಂಗಿನ ಕಡ್ಡಿಯ ಬಾರಿಗೆ. ಆಮೇಲೆ ಕೈ.

"ಯಕ್ಕಾ, ಕೈ ಯಾಕ ಹಿಂಗಾಗ್ಯಾವ?"

"ಆಸಿಡ್ ಹಾಕ್ತೀನಲ್ಲಪಾ, ತೊಗಲು ಸುಲೀತದ. ರೊಟ್ಟಿ ತಟ್ಟಾಕ ಬರಂಗಿಲ್ಲ, ಉರೀತದ."

"ಕೈಗೆ ಏನರ ಹಾಕ್ಕೋಬಾರದಾ?"

"ಕೊಟ್ಟರ ಹಾಕ್ಕೋತಿದ್ದೆ ಯಪ್ಪಾ."

ಸಾಮಾನು ತರುವ ಪಟ್ಟಿಯಲ್ಲಿ ಆಸಿಡ್ ಇತ್ತು, ಫಿನಾಯಿಲ್ ಇತ್ತು, ಬ್ಲೀಚಿಂಗ್ ಪೌಡರ್ ಇತ್ತು, ಬಾರಿಗೆ ಇತ್ತು. ಕೈಗವಸು ಅನ್ನುವ ಸಾಲೇ ಆ ಪಟ್ಟಿಯಲ್ಲಿ ಇರಲಿಲ್ಲ. ಸಂಡಾಸಿಗೆ ಬೇಕಾದದ್ದೆಲ್ಲ ಪಟ್ಟಿಯಲ್ಲಿತ್ತು, ತೊಳೆಯುವವಳಿಗೆ ಬೇಕಾದದ್ದು ಒಂದೂ ಇರಲಿಲ್ಲ.

ಆಸಿಡ್ ಯಾಕೆ ಬೇಕಾಗುತ್ತದೆ? ನಮ್ಮ ರಾಯಚೂರು ಜಿಲ್ಲೆಯ ಬೋರಿನ ನೀರು ಗಡಸು. ಸಾಬೂನು ನೊರೆ ಬರುವುದಿಲ್ಲ, ಬಕೀಟಿನ ಒಳಗೆ ಬಿಳಿ ಪದರ ಕೂಡುತ್ತದೆ, ಅದನ್ನು ನೀವೇ ಉಗುರಿನಿಂದ ಕೆರೆದು ನೋಡಿದ್ದೀರಿ. ಅದು ಸುಣ್ಣದ ಜಾತಿಯ ಉಪ್ಪು. ಆಸಿಡ್ ಬಿದ್ದರೆ ಬುಸ್ಸೆಂದು ಕರಗುತ್ತದೆ. ವಿಜ್ಞಾನದ ಹುಡುಗರಿಗೆ ಇದು ಕ್ಯಾಲ್ಸಿಯಂ ಕಾರ್ಬೊನೇಟು ಮತ್ತು ಹೈಡ್ರೋಕ್ಲೋರಿಕ್ ಆಮ್ಲ, ಪರೀಕ್ಷೆಗೆ ಎರಡು ಮಾರ್ಕು. ಅದೇ ಆಸಿಡ್ಡಿನ ಬಾಟಲಿ ಅಕ್ಕನ ಕೈಯಲ್ಲಿ ದಿನಾ ಇರುತ್ತದೆ, ಅದರ ಬಗ್ಗೆ ಪ್ರಶ್ನೆಪತ್ರಿಕೆ ಕೇಳುವುದಿಲ್ಲ. ಕಾರ್ಪೆಟ್ ಗಾಡಿಗೂ ಗಡಸು ನೀರಿನ ಕಾಟ ಇದೆ. ಪೈಪಿನೊಳಗೆ ಇದೇ ಬಿಳಿ ಪದರ ಕಟ್ಟುತ್ತದೆ. ಅದಕ್ಕೆ ಅವರು ನೀರನ್ನೇ ಮೆದು ಮಾಡುವ ಉಪಕರಣ ಇಡುತ್ತಾರೆ, ಇಲ್ಲವೇ ಆಗಾಗ ಸೌಮ್ಯ ಆಮ್ಲ ಹರಿಸಿ ತೊಳೆಯುತ್ತಾರೆ. ಪೈಪಿನ ಆರೋಗ್ಯದ ಬಗ್ಗೆ ಅಷ್ಟು ಕಾಳಜಿ.

ಇಲ್ಲಿ ಒಂದು ಮಾತನ್ನು ನೀವು ಬರೆದಿಟ್ಟುಕೊಳ್ಳಬೇಕು. ಸಂಡಾಸಿನ ಆಸಿಡ್ ಮತ್ತು ಬ್ಲೀಚಿಂಗ್ ಪೌಡರ್ ಎರಡೂ ಒಂದೇ ಕಡೆ ಬಿದ್ದರೆ ಕ್ಲೋರಿನ್ ಗ್ಯಾಸು ಏಳುತ್ತದೆ. 1915ರ ಏಪ್ರಿಲ್ 22ರಂದು ಬೆಲ್ಜಿಯಂ ದೇಶದ ಈಪ್ರ್ ಊರಿನ ಹತ್ತಿರ ಜರ್ಮನ್ ಸೈನ್ಯ ಶತ್ರುಗಳನ್ನು ಕೊಲ್ಲಲು ಬಿಟ್ಟದ್ದು ಇದೇ ಗ್ಯಾಸು. ಕಿಟಕಿ ಇಲ್ಲದ ಸಂಡಾಸಿನೊಳಗೆ ಬಗ್ಗಿ ಕೂತ ಹೆಣ್ಣುಮಗಳ ಮೂಗಿಗೆ ಅದು ಹೋದರೆ ಕಣ್ಣು ಉರಿದು, ಗಂಟಲು ಬಿಗಿದು, ಪುಪ್ಪುಸದಲ್ಲಿ ನೀರು ತುಂಬುತ್ತದೆ. ಎರಡನ್ನೂ ಹಾಕಿದರೆ ಹೆಚ್ಚು ಬೆಳ್ಳಗಾಗುತ್ತದೆ ಎಂದು ಯಾರಾದರೂ ಹೇಳಿದರೆ ಅಲ್ಲೇ ತಡೆಯಿರಿ. ಆಸಿಡ್ಡನ್ನು ತಿಳಿ ಮಾಡುವುದಿದ್ದರೆ ನೀರಿಗೆ ಆಸಿಡ್ ಹಾಕಬೇಕು, ಆಸಿಡ್ಡಿಗೆ ನೀರು ಹಾಕಬಾರದು. ಕಾರ್ಪೆಟ್ ಗಾಡಿಯವನಿಗೆ ಇಂಥದ್ದನ್ನೆಲ್ಲ ಪುಸ್ತಕ ಹೇಳುತ್ತದೆ. ನಮ್ಮ ಅಕ್ಕನಿಗೆ ಯಾರು ಹೇಳಿದರು? ಬಾಟಲಿಯ ಮೇಲಿನ ಸಣ್ಣಕ್ಷರ ಇಂಗ್ಲಿಷಿನಲ್ಲಿ. ಬಹಳ ಬಾಟಲಿಗಳ ಮೇಲೆ ಚೀಟಿಯೇ ಇಲ್ಲ. ಆಸಿಡ್ ಮಾರಾಟಕ್ಕೆ ದಾಖಲೆ ಇಡಬೇಕು, ಕೊಂಡವರ ಗುರುತು ಬರೆಯಬೇಕು ಎಂದು ಸುಪ್ರೀಂ ಕೋರ್ಟು 2013ರ ಜುಲೈನಲ್ಲೇ ಹೇಳಿದೆ. ಹೆಣ್ಣುಮಕ್ಕಳ ಮುಖದ ಮೇಲೆ ಎರಚುವ ಕ್ರೌರ್ಯ ತಡೆಯಲು ಬಂದ ಆದೇಶ ಅದು, ಬರಲೇಬೇಕಾಗಿತ್ತು. ದಿನಕ್ಕಿಷ್ಟು ಅಂತ ಕೈಮೇಲೆ ಬೀಳುವ ಆಸಿಡ್ಡಿನ ಬಗ್ಗೆ ಮಾತ್ರ ಯಾರಿಗೂ ಆತುರ ಇಲ್ಲ.

ಈಗ ನಮ್ಮ ಕಡೆಯೂ ಗಾಡಿ ಬಂದಿದೆ. ಜಮಖಾನ ತೊಳೆಯುವ ಗಾಡಿ ಅಲ್ಲ, ಸಕ್ಕಿಂಗ್ ಗಾಡಿ, ಜೆಟ್ಟಿಂಗ್ ಗಾಡಿ. ಯಂತ್ರದ ಬುದ್ಧಿ ಎರಡಕ್ಕೂ ಒಂದೇ: ಒಂದು ಪೈಪಿನಲ್ಲಿ ಒತ್ತಡದ ನೀರು, ಇನ್ನೊಂದರಲ್ಲಿ ಹೀರುವುದು, ಹಿಂದೆ ಟಾಕಿ. ಫೋಟೋ ಹಾಕುತ್ತಾರೆ, ರಿಬ್ಬನ್ ಕತ್ತರಿಸುತ್ತಾರೆ, ಗಾಡಿಯ ಮುಂದೆ ತೆಂಗಿನಕಾಯಿ ಒಡೆಯುತ್ತಾರೆ. "ಇನ್ನು ಮೇಲೆ ಮನುಷ್ಯ ಗುಂಡಿಗೆ ಇಳಿಯಂಗಿಲ್ಲ, ಮಷಿನ್ ಬಂತು" ಅಂತ ಭಾಷಣ.

ಮಷಿನ್ ಏನು ಮಾಡುತ್ತದೆ ನೋಡ್ರಿ. ಮೇಲಿನ ತೆಳು ನೀರನ್ನು ಹೀರುತ್ತದೆ. ವರ್ಷಾನುಗಟ್ಟಲೆ ತೆಗೆಯದೆ ತಳದಲ್ಲಿ ಕಲ್ಲಿನಂತೆ ಕೂತ ಗಷ್ಟು ಪೈಪಿಗೆ ಬರುವುದಿಲ್ಲ. ಆಗ ಗಾಡಿಯ ಜೊತೆ ಬಂದ ಹುಡುಗ ಗಳ ಹಾಕಿ ಕಲಕುತ್ತಾನೆ. ಬಕೀಟಿನಲ್ಲಿ ನೀರು ಸುರಿಯುತ್ತಾನೆ. ಪೈಪಿನ ಬಾಯಿಗೆ ಬಟ್ಟೆ, ಪ್ಲಾಸ್ಟಿಕ್ಕು ಸಿಕ್ಕಿಕೊಂಡರೆ ಕೈಹಾಕಿ ಎಳೆಯುತ್ತಾನೆ. ಅದೂ ಆಗದಿದ್ದರೆ ಮಾಲೀಕ ಏನು ಹೇಳುತ್ತಾನೆಂದು ನಿಮಗೆ ಗೊತ್ತು. ಕೆಲಸ ಮುಗಿದ ಮೇಲೆ ಬ್ಲೀಚಿಂಗ್ ಪೌಡರನ್ನು ಬೋಗಾಣಿಯಿಂದ ಮುಷ್ಟಿ ಮುಷ್ಟಿ ಎರಚುತ್ತಾನೆ. ಗುಂಡಿ ವಾಸನೆ ಹೊಡೆಯಬಾರದೆಂದು ಮನೆಯವರು ಮೊದಲೇ ಆಸಿಡ್ ಸುರಿದಿದ್ದರೆ ಇನ್ನೂ ಚೆನ್ನಾಯಿತು. ಗಷ್ಟಿನಲ್ಲಿ ಗಂಧಕದ ಅಂಶ ಇರುತ್ತದೆ. ಅದಕ್ಕೆ ಆಮ್ಲ ಬಿದ್ದರೆ ಹೈಡ್ರೋಜನ್ ಸಲ್ಫೈಡ್ ಅನ್ನುವ ಗ್ಯಾಸು ಏಳುತ್ತದೆ. ಕೊಳೆತ ಮೊಟ್ಟೆಯ ನಾತ. ಜಾಸ್ತಿಯಾದರೆ ಮೂಗು ಸತ್ತು ನಾತವೇ ಗೊತ್ತಾಗುವುದಿಲ್ಲ, ವಾಸನೆ ಹೋಯಿತು ಅಂದುಕೊಂಡು ಬಗ್ಗಿದವನು ಅಲ್ಲೇ ಬೀಳುತ್ತಾನೆ. ಅವನನ್ನು ಎತ್ತಲು ಹೋದವನು ಅವನ ಮೇಲೆ ಬೀಳುತ್ತಾನೆ. ಅದಕ್ಕೇ ಗುಂಡಿಯ ಸಾವುಗಳು ಎರಡು, ಮೂರು ಎಂದೇ ಬರುತ್ತವೆ. 2017ರ ಮಾರ್ಚಿನಲ್ಲಿ ಬೆಂಗಳೂರಿನ ಸಿ.ವಿ. ರಾಮನ್ ನಗರದ ಕಡೆ ಮ್ಯಾನ್‌ಹೋಲಿನಲ್ಲಿ ಮೂವರು. 2021ರ ಜನವರಿಯಲ್ಲಿ ನಮ್ಮ ಪಕ್ಕದ ಕಲಬುರಗಿಯಲ್ಲಿ ಇಬ್ಬರು. ಅದೇ ವರ್ಷ ಜೂನಿನಲ್ಲಿ ರಾಮನಗರದಲ್ಲಿ ಮೂವರು. ಈ ಊರುಗಳಲ್ಲಿ ಗಾಡಿ ಇರಲಿಲ್ಲವೇ? ಬೆಂಗಳೂರಿನಲ್ಲಿ ಗಾಡಿಗೆ ಬರವೇ?

ಕೈ ಉಳಿಸಲಿಕ್ಕೆ ಮಷಿನ್ ತರುವುದು ಒಂದು. ಬಿಲ್ಲು ಮಾಡಲಿಕ್ಕೆ ಮಷಿನ್ ತರುವುದು ಇನ್ನೊಂದು. ಕೈ ಉಳಿಸಬೇಕೆಂದು ಕೂತವನು ಮೊದಲು ಕೇಳುವ ಪ್ರಶ್ನೆ, ಈ ಕೆಲಸದಲ್ಲಿ ಕೈ ಎಲ್ಲೆಲ್ಲಿ ಮುಟ್ಟುತ್ತದೆ ಎಂಬುದು. ಆಮೇಲೆ ಅಲ್ಲಲ್ಲಿ ಒಂದೊಂದು ನಳಿಗೆ, ಒಂದೊಂದು ಕವಾಟ ಇಡುತ್ತಾನೆ. ನಮ್ಮಲ್ಲಿ ಆ ಪ್ರಶ್ನೆ ಕೇಳುವುದೇ ಇಲ್ಲ, ಯಾಕಂದ್ರ ಕೈ ಪುಕ್ಕಟೆ ಸಿಗ್ತದ. ಹುಟ್ಟಿದಾಗಲೇ ಆ ಕೆಲಸಕ್ಕೆ ಬರೆದಿಟ್ಟ ಕೈ. ಒಂದು ಹೋದರೆ ಅದೇ ಕೇರಿಯಲ್ಲಿ ಇನ್ನೊಂದು.

ಕಾನೂನು ಇಲ್ಲವೇ ಅಂತ ಕೇಳುತ್ತೀರಿ. ಕಾನೂನಿಗೆ ಬರವಿಲ್ಲ. ಬಿ. ಬಸವಲಿಂಗಪ್ಪನವರು ಮಂತ್ರಿಯಾಗಿದ್ದಾಗ, 1970ರ ದಶಕದ ಮೊದಲಲ್ಲೇ, ತಲೆ ಮೇಲೆ ಮಲ ಹೊರುವುದನ್ನು ನಮ್ಮ ರಾಜ್ಯದಲ್ಲಿ ನಿಲ್ಲಿಸಲು ಆಜ್ಞೆಯಾಯಿತು. ಕೇಂದ್ರದ ಕಾಯಿದೆ 1993ರಲ್ಲಿ ಬಂತು. ಇಷ್ಟಾದ ಮೇಲೆ 2010ರ ಜುಲೈನಲ್ಲಿ ಹಾವೇರಿ ಜಿಲ್ಲೆಯ ಸವಣೂರಿನಲ್ಲಿ ಭಂಗಿ ಸಮುದಾಯದವರು ತಮ್ಮ ಮೈಮೇಲೆ ತಾವೇ ಮಲ ಸುರಿದುಕೊಂಡು ನಿಂತರು. ಹಾಗೆ ಮಾಡಿದ ಮೇಲೆ ರಾಜ್ಯ ತಿರುಗಿ ನೋಡಿತು. 2013ರಲ್ಲಿ ಹೊಸ ಕಾಯಿದೆ. ಚರಂಡಿಗೆ, ಸೆಪ್ಟಿಕ್ ಟ್ಯಾಂಕಿಗೆ ಅಪಾಯಕಾರಿ ರೀತಿಯಲ್ಲಿ ಮನುಷ್ಯನನ್ನು ಇಳಿಸಿದರೆ ಮೊದಲ ತಪ್ಪಿಗೇ ಎರಡು ವರ್ಷದವರೆಗೆ ಜೈಲು, ಎರಡು ಲಕ್ಷದವರೆಗೆ ದಂಡ. ನಿಯಮಾವಳಿಯಲ್ಲಿ ಮುಖವಾಡ, ಗಂಬೂಟು, ಕೈಗವಸು, ಗಾಳಿ ಊದುವ ಯಂತ್ರ ಎಂದು ಉದ್ದದ ಪಟ್ಟಿ.

ಆದರೆ ಅದೇ 2013ರ ಕಾಯಿದೆಯ ಒಳಗೆ ಒಂದು ಸಣ್ಣ ವಿವರಣೆ ಕೂತಿದೆ, ಅದನ್ನು ಕಾನೂನು ಓದುವ ಗೆಳೆಯರು ತೆಗೆದು ನೋಡಬೇಕು. ಸರ್ಕಾರ ಹೇಳಿದ ಉಪಕರಣ ಹಿಡಿದು, ರಕ್ಷಣಾ ಸಾಮಗ್ರಿ ಹಾಕಿಕೊಂಡು ಮಲ ಬಾಚುವವನು 'ಕೈಯಿಂದ ಮಲ ಬಾಚುವವನು' ಅನ್ನಿಸಿಕೊಳ್ಳುವುದಿಲ್ಲ. ಓದಲಿಕ್ಕೆ ಸರಿಯಾಗೇ ಇದೆ. ಆದರೆ ಇದರ ಅರ್ಥ ಕಚೇರಿಯಲ್ಲಿ ಹೇಗೆ ತಿರುಗುತ್ತದೆ? ಒಂದು ಜೊತೆ ರಬ್ಬರ್ ಕೈಗವಸು ಕೊಟ್ಟು ಸಹಿ ಮಾಡಿಸಿಕೊಳ್ಳಿ, ಪಕ್ಕದಲ್ಲಿ ಗಾಡಿ ನಿಲ್ಲಿಸಿ ಫೋಟೋ ತೆಗೆಯಿರಿ, ಅವನ ಹೆಸರು ಪಟ್ಟಿಯಿಂದ ಹೋಯಿತು. ಪಟ್ಟಿಯಿಂದ ಹೋದರೆ ಪುನರ್ವಸತಿ ಇಲ್ಲ, ಸಾಲ ಇಲ್ಲ, ಮಕ್ಕಳಿಗೆ ಸಿಗಬೇಕಾದದ್ದು ಇಲ್ಲ. ಕೈಗವಸು ಒಂದು ವಾರಕ್ಕೆ ಹರಿಯುತ್ತದೆ, ಸಹಿ ಮಾತ್ರ ಫೈಲಿನಲ್ಲಿ ಶಾಶ್ವತ. 2021ರಲ್ಲಿ ಕೇಂದ್ರ ಸಚಿವರು ರಾಜ್ಯಸಭೆಯಲ್ಲಿ ಮಲ ಬಾಚುವ ಕೆಲಸದಿಂದ ಸತ್ತವರ ವರದಿ ಇಲ್ಲ ಎಂದು ಉತ್ತರ ಕೊಟ್ಟರು. ಮ್ಯಾನ್‌ಹೋಲಿನಲ್ಲಿ ಸತ್ತವರು? ಅವರು ಬೇರೆ ಲೆಕ್ಕ, ಬೇರೆ ಹೆಸರು. ಕಲಬುರಗಿಯವರೂ ರಾಮನಗರದವರೂ ಸತ್ತ ವರ್ಷವೇ ಈ ಉತ್ತರ ಬಂದದ್ದು.

2023ರ ಅಕ್ಟೋಬರ್ 20ರಂದು ಸುಪ್ರೀಂ ಕೋರ್ಟು ಗುಂಡಿಯಲ್ಲಿ ಸತ್ತವರ ಮನೆಯವರಿಗೆ ಕೊಡುವ ಪರಿಹಾರವನ್ನು 10 ಲಕ್ಷದಿಂದ 30 ಲಕ್ಷಕ್ಕೆ ಏರಿಸಿತು. ಒಳ್ಳೆಯದೇ. 2025ರ ಜನವರಿಯಲ್ಲಿ ಬೆಂಗಳೂರು, ಹೈದರಾಬಾದು ಸೇರಿ ಆರು ಮಹಾನಗರಗಳಲ್ಲಿ ಮನುಷ್ಯರನ್ನು ಇಳಿಸುವುದು ನಿಲ್ಲಬೇಕೆಂದು ಮತ್ತೆ ಹೇಳಿತು. ಆರು ನಗರದ ನಡುವೆ ರಾಯಚೂರು ಇಲ್ಲ, ದೇವದುರ್ಗ ಇಲ್ಲ, ಯಾಪಲದಿನ್ನಿಯಂತೂ ಇಲ್ಲ. ಕಾಯಿದೆ ಇಡೀ ದೇಶಕ್ಕೆ ಆಗಿ ಹನ್ನೊಂದು ವರ್ಷ ಆದ ಮೇಲೆ ಆರು ಊರಿಗೆ ಬೇರೆಯಾಗಿ ಆದೇಶ ಮಾಡಬೇಕಾಯಿತು ಅಂದರೆ ಉಳಿದ ಊರುಗಳ ಗತಿ ಏನೆಂದು ನೀವೇ ಅಂದಾಜು ಮಾಡಿ.

ಹಳ್ಳಿಯ ಮಾತೂ ಇಷ್ಟೇ. ಎಲ್ಲ ಕಡೆ ಸಂಡಾಸು ಕಟ್ಟಿಸಿದರು. ಸರ್ಕಾರ ಹೇಳಿದ್ದು ಎರಡು ಸಣ್ಣ ಗುಂಡಿಯ ನಮೂನೆ. ಒಂದು ತುಂಬಿದರೆ ಇನ್ನೊಂದಕ್ಕೆ ತಿರುಗಿಸಿ, ಮೊದಲನೆಯದನ್ನು ಒಂದೆರಡು ವರ್ಷ ಮುಚ್ಚಿಟ್ಟರೆ ಅದು ಮಣ್ಣಿನಂಥ ಗೊಬ್ಬರವಾಗುತ್ತದೆ, ಮನೆಯವರೇ ತೆಗೆದು ಹೊಲಕ್ಕೆ ಹಾಕಬಹುದು. ಸಗಣಿ ತಿಪ್ಪೆಗೆ ಕೈ ಹಾಕುವ ಊರಗೌಡರಿಗೆ ಈ ಗೊಬ್ಬರ ಮಾತ್ರ ಮೈಲಿಗೆ. ಅದಕ್ಕೇ ದುಡ್ಡಿದ್ದವರು ಕೋಣೆಯಷ್ಟು ದೊಡ್ಡ ಗುಂಡಿ ತೋಡಿಸುತ್ತಾರೆ, ತುಂಬಲಿಕ್ಕೆ ಇಪ್ಪತ್ತು ವರ್ಷ ಬೇಕು. ಇಪ್ಪತ್ತು ವರ್ಷದ ನಂತರ ಅದನ್ನು ತೆಗೆಯುವವನು ಈಗ ಯಾವ ಕೇರಿಯಲ್ಲಿ ಅಂಗನವಾಡಿಗೆ ಹೋಗುತ್ತಿದ್ದಾನೆಂದು ಅವರಿಗೆ ಗೊತ್ತಿದೆ. ಯಾಪಲದಿನ್ನಿ ಹೆಸರಿನಲ್ಲಿ ತೆಲುಗಿನ 'ಯಾಪ' ಕೇಳಿಸುತ್ತದೆ, ಅಂದರೆ ಬೇವು. ಬೇವು ಕಹಿಯಾದರೂ ಗಾಯ ಮಾಯಿಸುತ್ತದೆ ಅಂತಾರೆ. ಈ ಕಹಿಯಿಂದ ಯಾವ ಗಾಯ ಮಾಯುತ್ತದೋ ನಾನು ಕಾಣೆ.

ಅಮೆರಿಕದ ಕಥೆ ಹೇಳಿದ್ದಕ್ಕೆ ಅದರ ಇನ್ನೊಂದು ಮುಖವನ್ನೂ ಹೇಳಬೇಕು. 1968ರ ಫೆಬ್ರವರಿ 1. ಮೆಂಫಿಸ್ ನಗರ. ಕಸದ ಲಾರಿಯ ಇಬ್ಬರು ಕರಿಯ ಕಾರ್ಮಿಕರು, ಎಕೋಲ್ ಕೋಲ್ ಮತ್ತು ರಾಬರ್ಟ್ ವಾಕರ್, ಮಳೆ ಬಂತೆಂದು ಲಾರಿಯ ಹಿಂಭಾಗದಲ್ಲಿ ನಿಂತರು. ಕಸ ಒತ್ತುವ ಯಂತ್ರ ಕೆಟ್ಟು ತಾನಾಗಿ ತಿರುಗಿತು. ಇಬ್ಬರೂ ಜಜ್ಜಿ ಹೋದರು. ಅಲ್ಲಿಯೂ ಲಾರಿ ಇತ್ತು, ಯಂತ್ರ ಇತ್ತು. ಹದಿಮೂರು ನೂರು ಕಾರ್ಮಿಕರು ಕೆಲಸ ಬಿಟ್ಟು ಬೀದಿಗೆ ಬಂದರು. ಕೊರಳಿಗೆ ಹಾಕಿಕೊಂಡ ಫಲಕದಲ್ಲಿ ಇದ್ದದ್ದು 'ನಾನು ಮನುಷ್ಯ' ಅನ್ನುವ ಮಾತು. ಸಂಬಳ ಎಷ್ಟು ಬೇಕೆಂಬುದು ಆ ಫಲಕದಲ್ಲಿ ಇರಲಿಲ್ಲ. ಮಾರ್ಟಿನ್ ಲೂಥರ್ ಕಿಂಗ್ ಅವರ ಬೆಂಬಲಕ್ಕೆ ಹೋದರು, ಆ ಊರಿನಲ್ಲೇ ಏಪ್ರಿಲ್ 4ರಂದು ಅವರನ್ನು ಗುಂಡಿಕ್ಕಿ ಕೊಂದರು. ಹನ್ನೆರಡು ದಿನಕ್ಕೆ ನಗರಸಭೆ ಸಂಘವನ್ನು ಒಪ್ಪಿಕೊಂಡಿತು. ಆ ದೇಶದ ಕೆಲಸಗಾರನ ಕೈಗೆ ಬಂದ ಬೆಲೆ ಕಂಪನಿಯವರು ದಾನ ಕೊಟ್ಟದ್ದಲ್ಲ.

ನಮ್ಮಲ್ಲಿ ಇನ್ನೊಂದು ವಾದ ಕೇಳಿಬರುತ್ತದೆ: ಗಾಡಿಯ ಮಾಲೀಕತ್ವವನ್ನೇ ದಲಿತರಿಗೆ ಕೊಟ್ಟರೆ ಆಯಿತಲ್ಲ ಎಂದು. ಹೈದರಾಬಾದಿನಲ್ಲಿ 2017ರಲ್ಲಿ 70 ಸಣ್ಣ ಜೆಟ್ಟಿಂಗ್ ಗಾಡಿಗಳನ್ನು ಹಾಗೆ ಕೊಟ್ಟರು. ದಿಲ್ಲಿಯಲ್ಲಿ 2019ರಲ್ಲಿ 200. ಗುಂಡಿಗಿಳಿಯುವುದಕ್ಕಿಂತ ಗಾಡಿ ಓಡಿಸುವುದು ಎಷ್ಟೋ ಮೇಲು, ಇದರಲ್ಲಿ ಎರಡು ಮಾತಿಲ್ಲ. ಆದರೆ ಕಾರ್ಪೆಟ್ ಅಂಗಡಿಗೆ ಸಾಲ ಕೇಳಿದರೆ ಕೊಡದ ಬ್ಯಾಂಕು ಸಂಡಾಸಿನ ಗಾಡಿಗೆ ಮಾತ್ರ ನಮ್ಮನ್ನು ಹುಡುಕಿಕೊಂಡು ಬಂದರೆ ನಾವು ಒಂದು ಗಳಿಗೆ ನಿಂತು ಯೋಚಿಸಬೇಕು. ಜಾತಿಗೆ ಚಕ್ರ ಹಚ್ಚಿ ಕೊಟ್ಟರೆ ಅದು ಜಾತಿಯಲ್ಲದೆ ಹೋಗುತ್ತದೆಯೇ?

ಇನ್ನು ನಿಮ್ಮ ಹಾಸ್ಟೆಲಿನ ಮಾತಿಗೆ ಬರುತ್ತೇನೆ. 2023ರ ಡಿಸೆಂಬರಿನಲ್ಲಿ ಕೋಲಾರ ಜಿಲ್ಲೆ ಮಾಲೂರು ತಾಲ್ಲೂಕು ಯಲವಹಳ್ಳಿಯ ಮೊರಾರ್ಜಿ ದೇಸಾಯಿ ವಸತಿ ಶಾಲೆಯಲ್ಲಿ ದಲಿತ ಮಕ್ಕಳನ್ನು ಮಲದ ಗುಂಡಿಗೆ ಇಳಿಸಿದ ಸುದ್ದಿ ಇಡೀ ರಾಜ್ಯ ನೋಡಿತು. ಅದೇ ತಿಂಗಳು ಬೆಂಗಳೂರಿನ ಆಂದ್ರಹಳ್ಳಿಯ ಸರ್ಕಾರಿ ಶಾಲೆಯಲ್ಲಿ ಮಕ್ಕಳ ಕೈಯಲ್ಲಿ ಸಂಡಾಸು ತೊಳೆಸಿದ ಸುದ್ದಿ ಬಂತು. ಶ್ರಮದಾನ ಅಂತಾರೆ, ಶಿಸ್ತು ಅಂತಾರೆ, ಗಾಂಧೀಜಿಯೂ ತೊಳೀತಿದ್ರು ಅಂತಾರೆ. ಗಾಂಧೀಜಿ ತೊಳೆದು ಹೊರಬಂದರೆ ಮಹಾತ್ಮ, ನಾವು ತೊಳೆದು ಹೊರಬಂದರೆ ಅದೇ ಹಳೇ ಹೆಸರು. ನಮ್ಮ ಮಕ್ಕಳ ಕೈಯಿಂದ ಮಲ ಎತ್ತಿಸುವುದು 2016ರ ಜನವರಿ 26ರಿಂದ ದೌರ್ಜನ್ಯ ತಡೆ ಕಾಯಿದೆಯ ಕೆಳಗೂ ಅಪರಾಧ, ಆರು ತಿಂಗಳಿಂದ ಐದು ವರ್ಷದವರೆಗೆ ಶಿಕ್ಷೆ. ವಾರ್ಡನ್ ಸಾಹೇಬರಿಗೆ ಗೊತ್ತಿಲ್ಲದಿದ್ದರೆ ಗೊತ್ತುಮಾಡಿಸಿ.

ನೀವು ತೊಳೆಯುವುದಿಲ್ಲ ಎಂದಷ್ಟಕ್ಕೇ ಕೆಲಸ ಮುಗಿಯಲಿಲ್ಲ. ನೀವು ಬಿಟ್ಟ ಬಾರಿಗೆಯನ್ನು ಆ ಅಕ್ಕ ಎತ್ತಿಕೊಳ್ಳುತ್ತಾಳೆ. ನಿಮ್ಮದೇ ಕೇರಿಯ ಅಕ್ಕ. ಹಾಸ್ಟೆಲಿನ ಸಾಮಾನು ದಾಸ್ತಾನು ಪುಸ್ತಕ ಕೇಳಿ ನೋಡಿ. ಕೊಡದಿದ್ದರೆ ಮಾಹಿತಿ ಹಕ್ಕಿನಲ್ಲಿ ಹತ್ತು ರೂಪಾಯಿ ಕಟ್ಟಿ ಅರ್ಜಿ ಹಾಕಿ, ಬಿಪಿಎಲ್ ಕಾರ್ಡಿದ್ದರೆ ಅದೂ ಬೇಕಿಲ್ಲ. ಒಂದು ವರ್ಷದಲ್ಲಿ ಎಷ್ಟು ಬಾಟಲಿ ಆಸಿಡ್ ಬಂತು, ಎಷ್ಟು ಚೀಲ ಬ್ಲೀಚಿಂಗ್ ಪೌಡರ್ ಬಂತು, ಎಷ್ಟು ಜೊತೆ ಕೈಗವಸು ಬಂತು ಎಂದು ಮೂರೇ ಸಾಲು ಕೇಳಿ. ಉತ್ತರ ಬಂದ ಮೇಲೆ ಅದನ್ನು ದೊಡ್ಡ ಅಕ್ಷರದಲ್ಲಿ ಬರೆದು ಊಟದ ಕೋಣೆಯಲ್ಲಿ ಹಚ್ಚಿ. ಆಸಿಡ್ ಬೇಡವೇ ಬೇಡ ಎಂದು ಹಟ ಹಿಡಿಯಿರಿ. ಬಿಳಿ ಪದರಕ್ಕೆ ವಿನಿಗರ್, ನಿಂಬೆ ಉಪ್ಪು ಸಾಕು, ರಾತ್ರಿ ಹಾಕಿ ಬಿಟ್ಟರೆ ಬೆಳಿಗ್ಗೆ ಉಜ್ಜಬಹುದು, ಸ್ವಲ್ಪ ತಡವಾಗುತ್ತದೆ ಅಷ್ಟೆ. ತರುವ ಪ್ರತಿ ಕ್ಯಾನಿನ ಮೇಲೆ ಕನ್ನಡದಲ್ಲಿ ಹೆಸರು, ಒಂದು ಬಕೀಟಿಗೆ ಎಷ್ಟು ಎನ್ನುವ ಅಳತೆ, ಯಾವುದರ ಜೊತೆ ಸೇರಿಸಬಾರದು ಎನ್ನುವ ಮಾತು ಬರೆದಿರಬೇಕು. ಅಕ್ಕನಿಗೆ ಓದು ಬರದಿದ್ದರೆ ಬಣ್ಣದ ಗುರುತು ಹಚ್ಚಿ. ಕ್ಯಾನಿನಿಂದ ಬಕೀಟಿಗೆ ಹಾಕಲು ಒತ್ತುವ ಪಂಪು ಬರುತ್ತದೆ, ಸೀಮೆಎಣ್ಣೆ ಅಂಗಡಿಯಲ್ಲಿ ಮೊದಲು ಇರುತ್ತಿತ್ತಲ್ಲ ಅಂಥದ್ದು. ಬೆಲೆ ಬಹಳ ಇಲ್ಲ, ಒಂದು ಹಾಸ್ಟೆಲ್ ಡೇಯ ಶಾಮಿಯಾನದ ಬಾಡಿಗೆಗಿಂತ ಎಷ್ಟೋ ಕಡಿಮೆ.

ಸಕ್ಕಿಂಗ್ ಗಾಡಿ ಹಾಸ್ಟೆಲಿಗೆ ಬಂದ ದಿನ ಕ್ಲಾಸು ತಪ್ಪಿದರೂ ಅಡ್ಡಿಯಿಲ್ಲ, ನಾಲ್ಕು ಜನ ಹೊರಗೆ ನಿಂತಿರಿ. ಜೊತೆ ಬಂದ ಹುಡುಗನ ಹೆಸರು ಕೇಳಿ, ಕುಡಿಯಲು ನೀರು ಕೊಡಿ, ನಿಮ್ಮ ಲೋಟದಲ್ಲೇ ಕೊಡಿ. ಅವನು ಗುಂಡಿಯೊಳಗೆ ಕಾಲಿಡುವ ಹಂಗಾದರೆ ಇಳಿಯಬೇಡ ಅನ್ನಿ. ಮಾಲೀಕ ಬೈದರೆ ಗಾಡಿಯ ನಂಬರ್ ಬರೆದುಕೊಂಡು ಅಲ್ಲಿಂದಲೇ 112ಕ್ಕೆ ಫೋನು ಹಚ್ಚಿ.